ಕೆಂಪಂಗಿ, ಬಿಳಿಯಂಗಿ, ನಡುವೆ ನಾನು

ನಾನು ಒಂದು ಬೆಂಚು. ನನ್ನ ಮೈ ದಾಂಡೇಲಿ ಕಾಡಿನ ತೇಗದ್ದು. ಹುಟ್ಟುವಾಗ ನನಗೆ ಕಾಲುಗಳಿರಲಿಲ್ಲ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ನನ್ನನ್ನು ಕೊಯ್ದು, ಉಜ್ಜಿ, ನುಣುಪು ಮಾಡಿ, ಮೂರನೆಯ ದರ್ಜೆಯ ರೈಲು ಡಬ್ಬಿಯೊಂದರಲ್ಲಿ ಆಸನವಾಗಿ ಬಡಿದರು. ಗುಂತಕಲ್ಲಿಗೆ ಹೋಗುವುದು, ಗುಂತಕಲ್ಲಿನಿಂದ ಬರುವುದು. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟವರು, ಮೆಣಸಿನಕಾಯಿ ಚೀಲದವರು, ಟಿಕೆಟ್ಟಿಲ್ಲದೆ ಹತ್ತಿ ನನ್ನ ಕೆಳಗೆ ಅಡಗಿದವರು, ಎಲ್ಲರನ್ನೂ ಹೊತ್ತೆ. ಯಾರೂ ನನ್ನ ಮೇಲೆ ಎರಡನೆಯ ಸಲ ಕೂತದ್ದು ನನಗೆ ನೆನಪಿಲ್ಲ. ಗುರುತು ಹತ್ತುವಷ್ಟರಲ್ಲಿ ಅವರ ಸ್ಟೇಷನ್ ಬರುತ್ತಿತ್ತು.

ಉಕ್ಕಿನ ಡಬ್ಬಿಗಳು ಬಂದ ಮೇಲೆ ನಮ್ಮ ಕಟ್ಟಿಗೆ ಡಬ್ಬಿಯನ್ನು ಲಿಲಾವಿಗೆ ಹಾಕಿದರು. ಮಾನಪ್ಪ ಬಡಿಗೇರ ಎಂಬಾತ ನನ್ನನ್ನು ಕೊಂಡು, ಕಬ್ಬಿಣದ ನಾಲ್ಕು ಕಾಲು ಜೋಡಿಸಿ, ರೈಲ್ವೆ ಕ್ವಾರ್ಟರ್ಸ್ ಪಕ್ಕದ ಫುಟ್‌ಬಾಲ್ ಕ್ಲಬ್ಬಿಗೆ ಮಾರಿದ. ಅವರು ನನ್ನನ್ನು ಮೈದಾನದ ಗೆರೆಯಾಚೆ ಇಟ್ಟರು. ಆಡಲು ಸರದಿ ಸಿಗದವರು ಕೂಡುವ ಜಾಗ ಅದು.

ಅಲ್ಲಿಯೇ ನಾನು ಆ ಇಬ್ಬರನ್ನು ಮೊದಲು ಕಂಡದ್ದು. ಎಲಿಯಾ ಕೋಟೂರ ಗೋಲ್‌ಕೀಪರ್. ಆಳು ಉದ್ದ, ದನಿ ಅದಕ್ಕಿಂತ ಉದ್ದ. ಈ ಕಡೆಯ ಗೋಲಿನಲ್ಲಿ ನಿಂತು ಕೂಗಿದರೆ ಆ ಕಡೆಯ ಗೋಲಿನವನು ಬೆಚ್ಚಿ ನೋಡುತ್ತಿದ್ದ. ಗೌಸುಸಾಬ ನದಾಫ ಗಿಡ್ಡ, ಚುರುಕು, ಆದರೆ ಅವನಿಗಿಂತ ಚುರುಕಾದವರು ತಂಡದಲ್ಲಿ ಇದ್ದರು. ಹಾಗಾಗಿ ಅವನು ನನ್ನ ಮೇಲೆ ಕೂತೇ ಎಷ್ಟೋ ಮಳೆಗಾಲ ಕಳೆದ. ಅವನದು ಗಾದಿ ಹೊಲಿಯುವ ಮನೆತನ. ಅರಳೆ ಬಡಿದು ನೇರ ಮೈದಾನಕ್ಕೆ ಬರುತ್ತಿದ್ದ. ಅವನು ಎದ್ದು ಹೋದ ಮೇಲೆ ನನ್ನ ಸಂದುಗಳಲ್ಲಿ ಹತ್ತಿಯ ಎಳೆ ಉಳಿಯುತ್ತಿತ್ತು.

ಮುಂದೆ ಮೈದಾನಕ್ಕೆ ಬೇಲಿ ಬಿತ್ತು, ಬೇಲಿಯೊಳಗೆ ಕಟ್ಟಡ ಎದ್ದಿತು, ಕ್ಲಬ್ಬು ಚದುರಿತು. ಎದುರುಗಡೆ ಚಹಾದಂಗಡಿ ಇಟ್ಟಿದ್ದ ಶಾವಂತ್ರೆವ್ವ ಕ್ಲಬ್ಬಿನವರನ್ನು ಕೇಳಿ ನನ್ನನ್ನು ಎಳೆದುಕೊಂಡು ಹೋದಳು. ನಾನು ಹೋದಲ್ಲಿಗೆ ಆ ಇಬ್ಬರೂ ಬಂದರು. ಎಲಿಯಾ ಆಗ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರ. ಊರೆಲ್ಲ ಅವರನ್ನು ಎಲಿಯಾ ಮಾಸ್ತರ ಎಂದೇ ಕರೆಯಿತು. ಗೌಸುಸಾಬನಿಗೆ ಸ್ವಂತ ಗಾದಿ ಅಂಗಡಿ. ಆಡುವುದು ನಿಂತಿತ್ತು, ಆಟದ ಮಾತು ನಿಂತಿರಲಿಲ್ಲ. ಶಾವಂತ್ರೆವ್ವ ಅಂಗಡಿಗೆ ಟಿ.ವಿ. ತಂದಾಗ ಮಾತಿಗೆ ಯುರೋಪೇ ಸಿಕ್ಕಿತು.

ಮಾಸ್ತರರು ಇಂಗ್ಲೆಂಡಿನ ಲಿವರ್‌ಪೂಲ್ ತಂಡದ, ಕೆಂಪಂಗಿಯವರ ಕಡೆ. "ಅದು ಹಡಗು ಕಟ್ಟೂ ಮಂದಿ ಊರಲೇ. ನಮ್ಮ ವರ್ಕ್‌ಶಾಪಿನ ಮಂದಿ ಇದ್ದಂಗ," ಎನ್ನುತ್ತಿದ್ದರು. ಗೌಸುಸಾಬ ಸ್ಪೇನಿನ ಮ್ಯಾಡ್ರಿಡ್ ತಂಡದ, ಬಿಳಿಯಂಗಿಯವರ ಕಡೆ. ಯಾಕೆ ಎಂದರೆ, "ನೀ ಕೆಂಪು ಅಂದ್ಯಲ್ಲ, ಅದಕ್ಕ ನಾ ಬಿಳಿ. ಜೀವನ ಪೂರ್ತಿ ಹತ್ತಿ ಬಡದಂವ ನಾ, ಇನ್ನ್ಯಾವ ಬಣ್ಣ ಹಿಡೀಲಿ?" ಎನ್ನುತ್ತಿದ್ದ.

ಮಾಸ್ತರರು ಬಲತುದಿಗೆ, ಗೌಸುಸಾಬ ಎಡತುದಿಗೆ. ನಡುವೆ ಚಹಾದ ಕಪ್ಪುಗಳು. ಇವರ ಜಗಳ ನೋಡಲೆಂದೇ ಜನ ಬರುತ್ತಿದ್ದರು. ಯಾವ ತಂಡ ಗೆದ್ದರೂ ಸೋತ ಪಕ್ಷದವನು ಅಂಗಡಿಯಲ್ಲಿದ್ದ ಅಷ್ಟೂ ಮಂದಿಗೆ ಮಂಡಕ್ಕಿಯ ಗಿರ್ಮಿಟ್ಟು, ಮಿರ್ಚಿ ತಿನ್ನಿಸಬೇಕು. ಗೆದ್ದವನು ತಿನ್ನುತ್ತ ತಿನ್ನುತ್ತ ಸೋತವನ ಮಾನ ಕಳೆಯಬೇಕು. ಯಾರೂ ಹಾಕಿದ ನಿಯಮವಲ್ಲ, ಬೆಳೆದು ಬಂದದ್ದು. ಕೀವ್ ನಗರದಲ್ಲಿ ನಡೆದ ಯುರೋಪ್ ಕಪ್ಪಿನ ಫೈನಲ್ಲಿನಲ್ಲಿ ಬಿಳಿಯವರು ಕೆಂಪಿನವರನ್ನು ಸೋಲಿಸಿದಾಗ ಗೌಸುಸಾಬ ಒಂದು ವಾರ ಮಾನ ಕಳೆದ. ಮುಂದಿನ ವರ್ಷ ಅದೇ ಕಪ್ಪನ್ನು ಕೆಂಪಿನವರು ಎತ್ತಿದಾಗ ಮಾಸ್ತರರು ಬಡ್ಡಿ ಸಮೇತ ತೀರಿಸಿದರು. ಅವರ ದನಿ ನನ್ನ ಹಲಗೆಯೊಳಗೆ ಇಳಿದು ಕಾಲಿನ ಬೋಲ್ಟುಗಳನ್ನು ನಡುಗಿಸುತ್ತಿತ್ತು.

ಆ ದನಿ ಮೊದಲು ಒಡೆಯಿತು. ಥಂಡಿ ಎಂದರು, ಅಡಿಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿದರು. ಆಮೇಲೆ ಪಿಸುಮಾತಾಯಿತು. ಒಂದು ದಿನ ಬಲತುದಿ ಖಾಲಿ ಬಿತ್ತು. ಮಾಸ್ತರರ ಹೆಂಡತಿ ರೂತಬಾಯಿ ಹಾಲಿಗೆಂದು ಬಂದವರು ಶಾವಂತ್ರೆವ್ವನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ.

"ಗಂಟಲಾಗ ಗಂಟಾಗಿತ್ತಕ್ಕ. ಕ್ಯಾನ್ಸರ್ ಅಂದ್ರು. ದನಿ ಪೆಟ್ಟಿಗೀನ ತಗದಾರ. ಜೀವಕ್ಕೇನೂ ಇಲ್ಲ. ಕುತ್ತಿಗ್ಯಾಗ ತೂತು ಮಾಡ್ಯಾರ, ಅದರಾಗಿಂದನ ಉಸರು."

"ಮತ್ತ ಮಾತು?"

ರೂತಬಾಯಿ ಹಾಲಿನ ಪಾತ್ರೆ ಎತ್ತಿಕೊಂಡರು. "ಮಾತಿಲ್ಲ," ಎಂದರು.

ಆ ಚಳಿಗಾಲವೆಲ್ಲ ಗೌಸುಸಾಬ ಒಬ್ಬನೇ ಬಂದ. ತನ್ನ ಎಡತುದಿಯಲ್ಲೇ ಕೂತ. ಬಲತುದಿಗೆ ಯಾರಾದರೂ ಕೂತರೆ ಬೇಡ ಎನ್ನಲಿಲ್ಲ, ಆದರೆ ಅವರೊಡನೆ ಮಾತನ್ನೂ ಆಡಲಿಲ್ಲ. ಆಸ್ಪತ್ರೆಗೆ ದಿನ ಬಿಟ್ಟು ದಿನ ಹೋಗುತ್ತಿದ್ದ. ಮ್ಯಾಡ್ರಿಡ್ಡಿನವರು ಆ ವಸಂತದಲ್ಲಿ ಸೋತೇ ಹೋದೆವೆನ್ನುವ ಪಂದ್ಯಗಳನ್ನು ಕೊನೆಗಳಿಗೆಯಲ್ಲಿ ಗೆದ್ದು ಬಂದರು. ಅಂಗಡಿಯಲ್ಲಿ ಹುಡುಗರು ಕುಣಿದರು. ಇವನು ಚಹಾ ಕುಡಿದು ಎದ್ದು ಹೋದ.

ಆ ಕಡೆಯಿಂದ ಕೆಂಪಿನವರೂ ಗೆದ್ದು ಬಂದರು. ಫೈನಲ್ಲು ಪ್ಯಾರಿಸ್ಸಿನಲ್ಲಿ, ಈ ಎರಡೇ ತಂಡಗಳ ನಡುವೆ ಎಂದು ಗೊತ್ತಾದ ಮೇಲೆ ಒಂದು ಸಂಜೆ ರೂತಬಾಯಿ ಗಂಡನನ್ನು ಕರೆತಂದರು. ಮಾಸ್ತರರು ಕೊರಳಿಗೆ ತೆಳು ಬಟ್ಟೆ ಸುತ್ತಿದ್ದರು. ಬಲತುದಿಯಲ್ಲಿ ಕೂತರು. ಅವರು ಎಷ್ಟು ಹಗುರಾಗಿದ್ದಾರೆಂದು ಅಲ್ಲಿದ್ದವರಲ್ಲಿ ನನಗೆ ಮಾತ್ರ ತಿಳಿಯಿತು.

"ಒಮ್ಮೆ ಬಡದರ ಹೌದು, ಎರಡು ಬಡದರ ಅಲ್ಲ," ಎಂದರು ರೂತಬಾಯಿ. "ದವಾಖಾನ್ಯಾಗ ಮಂಚದ ಮ್ಯಾಲೆ ಹಂಗ ಮಾಡಿಕೊಂಡೀವಿ." ಹೇಳಿ ಅವರು ಮನೆಗೆ ಹೋದರು.

ಮೊದಲಿಗೆ ಎಲ್ಲರೂ ಮಾಸ್ತರರನ್ನು ಆರಾಮೇನ್ರಿ, ಊಟ ಮಾಡ್ತೀರೇನ್ರಿ ಎಂದು ಕೇಳಿದರು. ಅವರು ನನ್ನ ಹಲಗೆಯ ಮೇಲೆ ಬೆರಳಗೆಣ್ಣಿನಿಂದ ಒಂದೊಂದು ಸಲ ಬಡಿದರು. ಹೌದು. ಹೌದು. ಆಮೇಲೆ ಮೊಬೈಲ್ ಅಂಗಡಿಯ ಮುತ್ತು ಫೈನಲ್ಲಿನ ಮಾತು ತೆಗೆದ. ಇಪ್ಪತ್ತೈದರ ಹರೆಯದವನು, ಮ್ಯಾಡ್ರಿಡ್ಡಿನ ಬಿಳಿ ಅಂಗಿ ತೊಟ್ಟೇ ಕೆಲಸಕ್ಕೆ ಹೋಗುವವನು.

"ಹದಿಮೂರು ಕಪ್ ಅದಾವ ನಮ್ಮ ಕಡೆ. ಹದಿನಾಲ್ಕನೇದು ತಗೊಂಡ ಹಂಗ. ಕೆಂಪಿನವರ ಕಡಿಂದ ಮಾತಾಡವರರ ಯಾರ ಅದಾರ ಇಲ್ಲೆ?"

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಕೇಳಿದ ಮೇಲೆ ಅವನಿಗೂ ಅರಿವಾಗಿ ತಲೆ ತಗ್ಗಿಸಿದ. ಮಾಸ್ತರರ ಕೈ ನನ್ನ ಅಂಚನ್ನು ಬಿಗಿಯಾಗಿ ಹಿಡಿಯಿತು.

ಗೌಸುಸಾಬ ಕಪ್ಪು ಕೆಳಗಿಟ್ಟ. ಎಡತುದಿಯಿಂದ ಎದ್ದು ಬಂದು ಮಾಸ್ತರರ ಮಗ್ಗುಲಿಗೆ, ಭುಜಕ್ಕೆ ಭುಜ ತಾಗುವಂತೆ ಕೂತ.

"ನಾ ಅದೀನಿ," ಎಂದ. "ಕೇಳಲೇ ಮುತ್ತು."

"ಚಾಚಾ, ನೀವು ನಮ್ಮವರು."

"ಇವತ್ತು ಅಲ್ಲ. ಕಪ್ ಎಣಸ್ತೀ? ಇಸ್ತಾಂಬುಲ್‌ದಾಗ ಅರ್ಧ ಆಟಕ್ಕ ಮೂರು ಗೋಲ್ ಹಿಂದ ಇದ್ರು ಈ ಮಂದಿ. ಮೂರು. ಮನೀಗೆ ಹೋಗೂ ಹೊತ್ತಿಗೆ ಕಪ್ ಯಾರ ಕೈಯಾಗಿತ್ತು?"

ಮಾಸ್ತರರು ತಿರುಗಿ ಗೆಳೆಯನ ಮುಖ ನೋಡಿದರು. ಅವು ಅವರದೇ ಮಾತುಗಳು. ಇಪ್ಪತ್ತು ವರ್ಷ ಮಾಸ್ತರರು ಆಡಿದ್ದನ್ನು, ಅಲ್ಲಗಳೆಯುತ್ತ ಅಲ್ಲಗಳೆಯುತ್ತಲೇ, ಗೌಸುಸಾಬ ಒಂದನ್ನೂ ಬಿಡದೆ ಕೂಡಿಟ್ಟುಕೊಂಡಿದ್ದ. ಗೋಲ್‌ಕೀಪರ್ ಮುಂದೆ ಬರುವ ರೀತಿ ಹೇಳಿದ, ಅಂಚಿನಿಂದ ಓಡಿ ಬರುವವರ ಕಾಲಿನ ಗತ್ತು ಹೇಳಿದ, ಹಡಗು ಕಟ್ಟುವ ಮಂದಿಯನ್ನೂ ಬಿಡಲಿಲ್ಲ. ಮಾಸ್ತರರಂತೆ ಎದೆ ಉಬ್ಬಿಸಿ, ಮಾಸ್ತರರಂತೆ ಎಡಗೈ ಬೀಸಿ ಹೇಳಿದ. ಪ್ರತಿ ಮಾತಿಗೂ ನನ್ನ ಮೇಲೆ ಒಂದು ಬಡಿತ. ಹೌದು.

"ಕೀವ್‌ದಾಗ ಏನಾತು ಮತ್ತ?" ಎಂದ ಮುತ್ತು. ಅವನಿಗೂ ಈಗ ಕಾವು ಬಂದಿತ್ತು.

"ಕೀವ್ ಬಿಡು. ಪ್ಯಾರಿಸ್ಸಿಗೆ ಬಾ. ಇದ ಎರಡು ಟೀಮು, ಇದ ಪ್ಯಾರಿಸ್, ಹಿಂದೊಮ್ಮೆ ಫೈನಲ್ ಆಡ್ಯಾರ. ಎಂಬತ್ಮೂರನೇ ಇಸ್ವಿ. ಗೆದ್ದವರು ಕೆಂಪು."

ಎರಡು ಬಡಿತ.

ಗೌಸುಸಾಬ ಮಾತು ನಿಲ್ಲಿಸಿ ತಿರುಗಿದ. "ಯಾಕ? ಗೆಲ್ಲಲಿಲ್ಲೇನು?"

ಒಂದು ಬಡಿತ. ಗೆದ್ದದ್ದು ಹೌದು.

"ಇಸ್ವಿ ತಪ್ಪಾತೇನು? ಎಂಬತ್ತೆರಡು?"

ಎರಡು ಬಡಿತ, ಸ್ವಲ್ಪ ಜೋರಾಗಿ.

"ಎಂಬತ್ತೊಂದು?"

ಒಂದು. ಆ ಒಂದು ಬಡಿತಕ್ಕೆ ಅಂಗಡಿಗೆ ಅಂಗಡಿಯೇ ನಕ್ಕಿತು. ಶಾವಂತ್ರೆವ್ವ ಒಲೆಯ ಮುಂದಿನಿಂದಲೇ, "ದನಿ ಇಲ್ದಾಗೂ ಮಾಸ್ತರಕಿ ಬಿಡಂಗಿಲ್ಲ ನೋಡ್ರಿ," ಎಂದಳು. ಮಾಸ್ತರರ ಮುಖದಲ್ಲಿ ಹಳೆಯ ಕಳೆ ಬಂದಿತ್ತು. ಹೊರಡುವಾಗ ಅವರು ಗೌಸುಸಾಬನ ಮಣಿಕಟ್ಟು ಹಿಡಿದು ಎದ್ದರು, ಬೀದಿ ತಿರುಗುವವರೆಗೂ ಬಿಡಲಿಲ್ಲ.

ಪಂದ್ಯವನ್ನು ಇಬ್ಬರೂ ಮಾಸ್ತರರ ಮನೆಯಲ್ಲಿ ನೋಡಿದರಂತೆ. ನಾನು ಕಂಡಿಲ್ಲ. ಒಂದೇ ಗೋಲಿನಿಂದ ಬಿಳಿಯವರು ಗೆದ್ದರು.

ಮರುದಿನ ಭಾನುವಾರ. ಸಂಜೆ ಗೌಸುಸಾಬ ಮೊದಲೇ ಬಂದು ತನ್ನ ಎಡತುದಿಯಲ್ಲಿ ಸಾವಿನ ಮನೆಗೆ ಬಂದವನಂತೆ ಕೂತ. ಮುತ್ತು ಬಾಯಿ ತೆರೆಯುವಷ್ಟರಲ್ಲಿ, "ಮಾಸ್ತರ ಬರ್ತಾನ. ಯಾರೂ ಮ್ಯಾಚಿನ ಸುದ್ದಿ ತಗೀಬ್ಯಾಡ್ರಿ," ಎಂದು ಗದರಿದ. ಮಾಸ್ತರರು ಬಂದರು. ಎಲ್ಲರೂ ಬಿಸಿಲಿನ ಬಗ್ಗೆ ಮಾತಾಡಿದರು.

ಮಾಸ್ತರರು ಸುತ್ತ ನೋಡಿದರು. ಶಾವಂತ್ರೆವ್ವನ ಕಡೆ ತಿರುಗಿ, ಎಲ್ಲರ ಮೇಲೂ ಕೈಯಾಡಿಸಿ, ಬೆರಳುಗಳನ್ನು ಬಾಯಿಗೆ ಒಯ್ದು ತೋರಿಸಿದರು. ಎಲ್ಲರಿಗೂ ಗಿರ್ಮಿಟ್ಟು ಹಾಕು ಎಂದು.

"ಬ್ಯಾಡ ಬಿಡೋ," ಎಂದ ಗೌಸುಸಾಬ. "ಈ ಸಲ ಏನೂ ಬ್ಯಾಡ. ನೀ ಮೊದಲ ಆರಾಮಾಗು."

ಎರಡು ಬಡಿತ.

"ಅಲ್ಲೋ, ಆಟ ಅಂದ್ರ ಆಟ. ಅದರಾಗೇನೈತಿ?"

ಆಗ ಮಾಸ್ತರರು ನನ್ನನ್ನು ಬಡಿದ ರೀತಿ ಬೇರೆ. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. ಮುಷ್ಟಿ ಕಟ್ಟಿ ಮತ್ತೆ ಮತ್ತೆ ಗುದ್ದಿದರು. ಕಪ್ಪುಗಳು ಉರುಳಿದವು. ಕೊರಳ ಬಟ್ಟೆಯ ಹಿಂದೆ ಉಸಿರು ಸೀಟಿ ಹಾಕುತ್ತಿತ್ತು, ಕಣ್ಣುಗಳು ಕೆಂಪಾಗಿದ್ದವು. ಗೌಸುಸಾಬ ದಿಕ್ಕು ತೋಚದೆ ಎದ್ದು ನಿಂತ.

ಶಾವಂತ್ರೆವ್ವ ಈರುಳ್ಳಿ ಹೆಚ್ಚುತ್ತಿದ್ದವಳು ಈಳಿಗೆ ಬಿಟ್ಟು ಬಂದಳು. "ಗೌಸಣ್ಣ, ನೀ ಅವರನ್ನ ಬ್ಯಾನಿ ಮನಿಶ್ಯಾನ ಮಾಡಿಟ್ಟೀದಿ. ಅವರು ಸೋತ ಮನಿಶ್ಯಾ ಆಗಿ ಬಂದಾರ. ಕೂಡು, ತಿನ್ನು. ನಿನ್ನ ಬಾಯಿಗೆ ಏನಾಗೇತಿ? ಗೆದ್ದೀದಿಲ್ಲ, ಬೊಗಳು."

ಗಿರ್ಮಿಟ್ಟು ಬಂತು. ಗೌಸುಸಾಬ ತಟ್ಟೆ ಹಿಡಿದು ಕೂತು ಮಂಡಕ್ಕಿ ಕಲಸಿದ. ಮಿರ್ಚಿಯ ತುದಿ ಕಚ್ಚಿದ. ಗಂಟಲು ಸರಿ ಮಾಡಿಕೊಂಡ.

"ಅಲ್ಲಲೇ ಎಲಿಯಾ," ಎಂದ, ಮೆಲ್ಲಗೆ. "ಅಷ್ಟು ಸಲ ಗೋಲಿಗೆ ಒದ್ರು ನಿಮ್ಮವರು. ಒಂದರ ಒಳಗ ಹೋತೇನು? ನಮ್ಮ ಕೀಪರ್ ಗಾದಿ ಹಾಸಿದ್ನೇನಲೇ ಅಲ್ಲಿ, ಚೆಂಡು ಬಂದು ಬಂದು ಮಲಗಾಕ?"

ಎರಡು ಬಡಿತ.

"ಏನ್ ಅಲ್ಲ? ಹಡಗು ಕಟ್ಟೂ ಮಂದಿ ಅಂತಿದ್ದಿ. ಮುಳುಗೂ ಹಡಗು ಕಟ್ತಾರೇನು ಅವರು?"

ಎರಡು. ಮತ್ತೆ ಎರಡು. ಗೌಸುಸಾಬನ ದನಿ ಏರಿತು. ಅಂಥ ಕೆಟ್ಟ ಮಾತುಗಳನ್ನು ಅವನು ಕೀವ್ ಗೆದ್ದ ವಾರದಲ್ಲೂ ಆಡಿರಲಿಲ್ಲ. ಆಡುತ್ತ ಆಡುತ್ತ ಅಳುತ್ತಿದ್ದ, ಮಿರ್ಚಿ ಖಾರ ಎಂದು ಕಣ್ಣೊರಸುತ್ತಿದ್ದ. ಆಗ ನನ್ನ ಬಲತುದಿ ನಡುಗತೊಡಗಿತು. ಬಡಿತವಲ್ಲ. ಮಾಸ್ತರರ ಹೊಟ್ಟೆ, ಭುಜ, ತೊಡೆ ಎಲ್ಲ ಕುಲುಕುತ್ತಿದ್ದವು. ಸದ್ದಿಲ್ಲ. ಅವರು ನಗುತ್ತಿದ್ದರು.

ಶಾವಂತ್ರೆವ್ವನ ಅಂಗಡಿಯನ್ನು ಆ ವರ್ಷವೇ ರಸ್ತೆ ಅಗಲ ಮಾಡುವವರು ತೆಗೆಸಿದರು. ಅವಳು ಮಗಳ ಊರಿಗೆ ಹೋಗುವಾಗ ನನ್ನನ್ನು ಮಾಸ್ತರರ ಮನೆಗೆ ಕೈಗಾಡಿಯಲ್ಲಿ ಕಳಿಸಿದಳು. ಈಗ ನಾನು ಅವರ ಹಿತ್ತಲಲ್ಲಿ, ನುಗ್ಗೆ ಗಿಡದ ಕೆಳಗಿದ್ದೇನೆ. ಒಂದು ಕಾಲು ತುಕ್ಕು ತಿಂದು ಹೋಗಿದೆ, ಅಲ್ಲಿಗೆ ಕಲ್ಲು ಕೊಟ್ಟಿದ್ದಾರೆ. ರೂತಬಾಯಿ ನನ್ನ ಮೇಲೆ ಹಪ್ಪಳ ಒಣಹಾಕುತ್ತಾರೆ, ಹಪ್ಪಳವಿಲ್ಲದ ದಿನ ಬೆಕ್ಕು ಮಲಗುತ್ತದೆ.

ಮಧ್ಯಾಹ್ನ, ಮನೆಯವರು ಮಲಗಿದಾಗ, ಮಾಸ್ತರರು ಬಂದು ಕೂಡುತ್ತಿದ್ದರು. ದನಿಪೆಟ್ಟಿಗೆ ಇಲ್ಲದವರಿಗೂ ಗಾಳಿ ನುಂಗಿ, ಅದನ್ನು ತಿರುಗಿ ಎಬ್ಬಿಸಿ ಮಾತಾಡಲು ಬರುತ್ತದೆಂದು ದವಾಖಾನೆಯಲ್ಲಿ ಕಲಿಸಿದ್ದರು. ಪ, ತ, ಕ. ತೇಗಿನಂಥ ಸದ್ದು. ಎಷ್ಟೋ ದಿನ ಅದೂ ಬರಲಿಲ್ಲ. ಆ ಸದ್ದಿಗೆ ಅವರಿಗೆ ನಾಚಿಕೆ. ಹೆಂಡತಿಯ ಮುಂದೂ ಮಾಡುತ್ತಿರಲಿಲ್ಲ. ಬೆಕ್ಕು, ನಾನು, ಇಬ್ಬರೇ ಕೇಳುವವರು.

ಗೌಸುಸಾಬ ಸಂಜೆ ತಪ್ಪದೆ ಬರುತ್ತಾನೆ. ನಾನು ಇಬ್ಬರ ಭಾರ ತಾಳಲಾರೆನೆಂದು ಅವನಿಗೆ ಕುರ್ಚಿ. ಹೋದ ದೀಪಾವಳಿಯ ಸುಮಾರಿಗೆ ಒಂದು ಸಂಜೆ ಅವನು ಕಾಲು ಚಾಚಿ ತನ್ನ ಬಿಳಿಯವರ ಹೊಸ ಆಟಗಾರರನ್ನು ಹೊಗಳುತ್ತಿದ್ದ. "ಈ ಸಲಾನೂ ಕಪ್ ನಮ್ಮದ. ಅದರಾಗ ಎರಡು ಮಾತಿಲ್ಲ," ಎಂದ. ಮಾಸ್ತರರ ಕೈ ನನ್ನ ಮೇಲೆ ಏರಿತು, ಆದರೆ ಬಡಿಯಲಿಲ್ಲ. ಗಾಳಿ ನುಂಗಿದರು.

"ತಪ್ಪು," ಎಂದರು.

ಗರಗಸ ಎಳೆದಂಥ ದನಿ. ಗೌಸುಸಾಬ ಬೆಕ್ಕನ್ನು ನೋಡಿದ, ಮನೆಯ ಬಾಗಿಲನ್ನು ನೋಡಿದ, ಆಮೇಲೆ ಗೆಳೆಯನನ್ನು. ಒಳಗೆ ರೂತಬಾಯಿಯ ಕೈಯಿಂದ ಪಾತ್ರೆ ಬಿದ್ದ ಸದ್ದಾಯಿತು.

"ಏನ್ ತಪ್ಪಲೇ?" ಎಂದ ಗೌಸುಸಾಬ, ಕುರ್ಚಿಯನ್ನು ಮುಂದಕ್ಕೆಳೆದುಕೊಂಡು. "ಹೇಳು. ಏನ್ ತಪ್ಪು?"