ಕುಡಿಯದವನ ಕೋಟಾ

ವೆಂಕಟೇಶಪ್ಪ ಹುಟ್ಟಿದಾಗಿನಿಂದ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಆದರೂ ಮಿಲಿಟರಿ ಡಾಕ್ಟರುಗಳು, ಅವನ ಲಿವರ್ ಕೆಟ್ಟಿದ್ದು ಕುಡಿತದಿಂದಲೇ ಎಂದು ಬರೆದು ಕೈತೊಳೆದುಕೊಂಡರು. ಅಲ್ಲ ಸ್ವಾಮಿ, ಕಿಟಕಿಯಿಲ್ಲದ ಷೆಡ್ಡಿನಲ್ಲಿ ವರ್ಷಗಟ್ಟಲೆ ಟ್ಯಾಂಕಿನ ಬಿಡಿಭಾಗಗಳನ್ನು ಘಾಟು ಕೆಮಿಕಲ್‌ನಲ್ಲಿ ಬರಿಗೈಯಿಂದ ತೊಳೆದವನು ಅವನು! ಆ ಷೆಡ್ಡಿನ ಮಾತನ್ನೇ ಯಾರೂ ಎತ್ತಲಿಲ್ಲ.

ಎತ್ತಿದ್ದು ಮಿಲಿಟರಿ ಕ್ಯಾಂಟೀನಿನ ಮಾತು. ನಿವೃತ್ತ ಸಿಪಾಯಿಗೆ ತಿಂಗಳು ತಿಂಗಳು ಸಿಗುವ ರಮ್ಮಿನ ಕೋಟಾವನ್ನು ಅವನು ಒಮ್ಮೆಯೂ ಬಿಟ್ಟಿರಲಿಲ್ಲ. ಬಿಡುವುದಾದರೂ ಹೇಗೆ? ಮಿಲಿಟರಿಯವನು ರಾಯಕೋಟೆ ಬಸ್ಸಿನಿಂದ ಬರಿಗೈಲಿ ಇಳಿದರೆ ನೆಂಟರ ಮೂತಿ ಊದಿಕೊಳ್ಳುತ್ತದೆ. ಬಾಟಲಿಗಳೆಲ್ಲ ಹೋಗುತ್ತಿದ್ದದ್ದು ಹೆಂಡತಿಯ ತಮ್ಮ ಆವುಲಪ್ಪನ ಮನೆಗೆ. ಕುಡಿದವನು ಗುಂಡುಕಲ್ಲಿನ ಹಾಗಿದ್ದ, ತಂದುಕೊಟ್ಟವನ ಹೊಟ್ಟೆಯಲ್ಲಿ ನೀರು ತುಂಬಿತ್ತು.

ಡಾಕ್ಟರು ಹೆಚ್ಚು ದಿನ ಇಲ್ಲವೆಂದಿದ್ದರು. ಇದು ಕೆಲಸದಿಂದ ಬಂದ ಕಾಯಿಲೆ ಎಂದು ಸರ್ಕಾರ ಒಪ್ಪಿದರೆ, ತಾನು ಹೋದಮೇಲೂ ನಾರಾಯಣಮ್ಮನಿಗೆ ಕೈತುಂಬ ಪಿಂಚಣಿ ಬರುತ್ತದೆ. ಅವನಿಗೆ ಬೇಕಾಗಿದ್ದು ಅಷ್ಟೇ. ಹೆಂಡತಿಯನ್ನೂ ಆವುಲಪ್ಪನನ್ನೂ ಕರೆದುಕೊಂಡು, ಮೇಲ್ಮನವಿ ಬರೆಸಲು ಕೃಷ್ಣಗಿರಿಯ ಮಾಜಿ ಸೈನಿಕರ ಆಫೀಸಿಗೆ ಬಂದ.

“ಬಾಟ್ಲಿ ನೀನು ಕುಡೀಲಿಲ್ಲ ಅಂದ್ರೆ, ಕುಡ್ದೋರು ಬರ್ದುಕೊಡ್ಲಿ,” ಅಂದ ಗುಮಾಸ್ತ ಜಯರಾಮಯ್ಯ. “ಆದ್ರೆ ಹೊರಗಿನೋರಿಗೆ ಕೊಟ್ಟಿದ್ದೆ ಅಂದ್ರೆ ಅದೂ ತಪ್ಪೇ ಕಣಪ್ಪ. ಕ್ಯಾಂಟೀನ್ ಕಾರ್ಡೂ ಹೋಯ್ತದೆ, ಕೇಸೂ ಬೀಳ್ತದೆ. ಮನೆಯೋರೇ ಕುಡ್ದಿದ್ರೆ ತೊಂದ್ರೆ ಇಲ್ಲ.”

ಅತ್ತ ದರಿ, ಇತ್ತ ಪುಲಿ. ವೆಂಕಟೇಶಪ್ಪ ಭಾವಮೈದನ ಮುಖ ನೋಡಿದ.

“ನನ್ನ ಯಾಕ್ ನೋಡ್ತೀಯ ಬಾವ?” ಆವುಲಪ್ಪ ಕುರ್ಚಿಯಲ್ಲೇ ಹಿಂದೆ ಸರಿದ. “ಮಗಳಿಗೆ ಗಂಡು ಗೊತ್ತಾಗೈತೆ. ಕುಡುಕನ ಮಗಳು ಅಂದ್ರೆ ಯಾರು ತಕ್ಕೋತಾರೆ? ಕೇಸು ಬ್ಯಾರೆ ಅಂತೌರೆ!”

ಅಯ್ಯೋ ನಿನ್ನ ಮನೆ ಕಾಯ್ವಾಗ! ವೆಂಕಟೇಶಪ್ಪನಿಗೆ ಅವನ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಹಿಸುಕಲು ಕೈಯಲ್ಲಿ ತ್ರಾಣವಿರಲಿಲ್ಲ.

ಅಷ್ಟರಲ್ಲಿ ನಾರಾಯಣಮ್ಮ ಸೆರಗು ಎಳೆದುಕೊಂಡು ಮುಂದೆ ಬಂದಳು. ಶನಿವಾರದ ಒಪ್ಪೊತ್ತು ತಪ್ಪಿಸದವಳು, ಹೆಂಡದಂಗಡಿ ಕಂಡರೆ ರಸ್ತೆ ದಾಟಿ ನಡೆಯುವವಳು.

“ಬರ್ಕಳಿ ಸಾಮಿ,” ಅಂದಳು. “ಅದ್ನೆಲ್ಲಾ ಕುಡ್ದಿದ್ದು ನಾನು.”

ಕಾಯುತ್ತಿದ್ದವರೆಲ್ಲ ತಿರುಗಿದರು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

“ಏ, ಸುಮ್ಕಿರು!” ವೆಂಕಟೇಶಪ್ಪ ಗದರಿದ.

“ನೀವು ಸುಮ್ಕಿರಿ. ನೀವು ಕುಡುಕರು ಅಂತ ಅವ್ರು ಬರ್ದಾಗ ನಂಗೆ ಉರೀಲಿಲ್ವಾ?”

ಜಯರಾಮಯ್ಯ ಪೆನ್ನು ಹಿಡಿದು ಕಾದ. “ಗಂಡ ಆದೋರು ಹೌದು ಅನ್ಬೇಕಪ್ಪ. ಇಲ್ದಿದ್ರೆ ಇದು ನಿಲ್ಲಲ್ಲ.”

ಇಲ್ಲ ಎಂದರೆ ಅವಳ ನಾಳೆಯ ಅನ್ನ ಹೋಗುತ್ತದೆ. ಹೌದು ಎಂದರೆ ಸಂಜೆಯೊಳಗೆ ಊರೆಲ್ಲ ಅವಳನ್ನು ಆಡಿಕೊಳ್ಳುತ್ತದೆ. ನಾಚಿಕೆಯಿಂದ ಅವನ ಕಣ್ಣು ತುಂಬಿ ಬಂತು. ಆವುಲಪ್ಪ ಅಕ್ಕನ ಮುಖ ನೋಡದೆ ಎದ್ದು ಹೊರಗೆ ನಡೆದ.

“ಹೂಂ ಸಾರ್,” ಅಂದ ವೆಂಕಟೇಶಪ್ಪ. “ಇವ್ಳು ಕುಡೀತಾಳೆ.”