ಮುಚ್ಚಿದ ತುಟಿ

ಬೂತಾಯೀ, ಬೂತಾಯೀ, ಮೀನಿನವಳ ಕೂಗು ಇನ್ನೂ ಬಿಜೈಯ ತಿರುವಿನಲ್ಲಿದೆ, ಜಗಲಿಯ ಕುರ್ಚಿಯಲ್ಲಿ ಹೆಂಡತಿ ಕುಶಲಾಳ ತಲೆ ಆಗಲೇ ಅತ್ತ ತಿರುಗಿದೆ, ಕೇಳುವ ಕೋಣೆ ಸರಿಯುಂಟು ಎಂದುಕೊಂಡರು ಮಹಾಬಲ ಮೇಷ್ಟ್ರು, ಕೋಣೆಯಂತೆ ಕೋಣೆ, ಮನಸ್ಸು ಒಂದೇ ದೀಪದಂತೆ, ಅದನ್ನು ಒಡೆಯಲಾಗದು ಎಂದು ಕಾಲೇಜಿನಲ್ಲಿ ಇಷ್ಟು ವರ್ಷ ತತ್ತ್ವಶಾಸ್ತ್ರ ಹೇಳಿದ ಬಾಯಿ ಇದು, ಹೆಂಡತಿಗೆ ಪಕ್ಷವಾತ ಹೊಡೆದ ಮೇಲೆ ಬೊಂಬಾಯಿಯ ಎಳೆ ಡಾಕ್ಟರನ ಮುಂದೆ ತೆಪ್ಪಗಾಗಿತ್ತು, ಮಿದುಳಿನಲ್ಲಿ ಒಂದೊಂದಕ್ಕೂ ಒಂದೊಂದು ಕೋಣೆ ಸರ್, ಮಾತಿಗೆ ಬೇರೆ, ನೆನಪಿಗೆ ಬೇರೆ, ನಾನು ಇಂಗ್ಲಿಷಿನಲ್ಲಿ ಕೇಳ್ತೇನೆ, ನೀವು ನಿಮ್ಮ ಭಾಷೆಯಲ್ಲಿ ಅವರನ್ನು ಕೇಳಿ — ಕೇಳಿದ್ದರು, ನಾವಿರುವ ರಾಜ್ಯ ಯಾವುದು, ಮೊನ್ನೆವರೆಗೆ ಮದ್ರಾಸು, ಈಗ ಮೈಸೂರು ಅಲ್ವಾ, ಮಗನ ಹೆಸರು, ಚಿತ್ತರಂಜನ, ತಂಗಿ, ಗುಣವತಿ, ನನ್ನ ಹೆಸರೆಂತ, ತುಟಿ ಮುಚ್ಚಿತು, ಮತ್ತೊಮ್ಮೆ ಕೇಳಿದರು, ಬಿಗಿಯಾಗಿ ಮುಚ್ಚಿತು, ಡಾಕ್ಟರ್ ತಲೆಯಾಡಿಸಿದ, ಅಂದಿನಿಂದ ಮೇಷ್ಟ್ರಿಗೆ ಅನ್ನ ಇಳಿಯುತ್ತಿಲ್ಲ, ಎಲ್ಲರೂ ಉಳಿದು ನಾನೊಬ್ಬನೇ ಅಳಿಸಿಹೋದೆನೇ, ದೀಪ ಒಂದೇ ಆದರೆ ಒಂದೇ ಮೂಲೆ ಕತ್ತಲಾಗುವುದು ಹೇಗೆ, ಕಿವಿರು ಎತ್ತಿ ತೋರಿಸು, ಇದು ನಿನ್ನೆಯ ಮೀನು, ಕುಶಲಾ ಅಂಗಳದ ಮೀನಿನವಳಿಗೆ ಹೇಳುತ್ತಿದ್ದಾಳೆ, ಮಾತು ತುಸು ತೊದಲು, ಆದರೆ ಅದೇ ಗತ್ತು, ಚೌಕಾಸಿಯ ಕೋಣೆಯೂ ಸರಿಯುಂಟು, ಬೆಳಗಿನ ಬಿಸಿಲು ಅವಳ ಮಡಿಲಲ್ಲಿ, ಬುಟ್ಟಿಯ ವಾಸನೆ ಜಗಲಿಯ ತುಂಬ, ಹೀಗೇ ಇದ್ದರೆ ಸಾಕು, ಹೆಸರು ಹೋದರೆ ಹೋಗಲಿ, ಇಲ್ಲ, ಸಾಲದು.

ಮೀನಿನವಳು ಹೋದಳು, ಮೇಷ್ಟ್ರಿಗೆ ತಡೆಯಲಾಗಲಿಲ್ಲ, ಕುಶಲಾ, ಈಗ ಯಾರೂ ಇಲ್ಲ, ನನ್ನ ಹೆಸರು ಒಮ್ಮೆ ಹೇಳು ಮಾರಾಯ್ತಿ, ನಾನು ಯಾರೂಂತ ಗೊತ್ತುಂಟಾ ನಿನಗೆ, ಅವಳು ಕಣ್ಣರಳಿಸಿ ನೋಡಿದಳು, ನಿಮಗೆ ಎಂತ ಆಗಿದೆ, ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆ ಆಗ್ತದೆ ಅಂತ ಗೊತ್ತಿಲ್ವಾ, ಆ ಡಾಕ್ಟರನ ಎದುರಿಗೂ ಅದನ್ನೇ ಕೇಳಿದಿರಿ, ನಾನೋ ಹೀಗೆ ಬಿದ್ದಿದ್ದೇನೆ, ನಿಮಗೂ ಏನಾದರೂ ಆದರೆ ಮಗನಿಗೆ ಯಾರುಂಟು — ಹೌದಲ್ಲ, ಮದುವೆಯಾದಂದಿನಿಂದ ಇವರು, ಚಿತ್ತನ ಅಪ್ಪ, ಇಲ್ಲಿ ಕೇಳಿ, ಇಷ್ಟೇ, ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ, ಓದಿ ಓದಿ ಮರುಳಾದ ಕೂಚುಭಟ್ಟ ತಾನೇ, ನಗು ಬರುತ್ತಿದೆ, ಕಣ್ಣೂ ಒದ್ದೆ, ಎಷ್ಟು ಸುಖ ಈ ಪೆದ್ದುತನದಲ್ಲಿ, ಕೋಣೆಯೋ ದೀಪವೋ, ನಾಳೆ ಪಾಠದಲ್ಲಿ ಏನು ಹೇಳುವುದೋ, ಅಂದು ಡಾಕ್ಟರನೆದುರು ಅರ್ಧ ಮೈ ಸತ್ತಂತೆ ಮಲಗಿದ್ದಳು, ಬದುಕುವಳೋ ಇಲ್ಲವೋ ಅವಳಿಗೇ ತಿಳಿದಿರಲಿಲ್ಲ, ಆ ಹೊತ್ತಿನಲ್ಲಿ ಅವಳು ಕಾದದ್ದು ತನ್ನ ಆಯುಸ್ಸನ್ನಲ್ಲ, ಬಾಯಿ ಒಂದು ಬದಿಗೆ ವಾಲಿತ್ತು, ಆದರೂ ತುಟಿ, ಬಿಗಿಯಾಗಿ ಮುಚ್ಚಿದ ಆ ತುಟಿ