ಕೆರೆದ ತುದಿ

ಸ್ವಿಚ್ಚು ಒತ್ತಿದರೆ ಮೋಟಾರು ಗುಂಯ್ ಎಂದು ಮುಲುಗಿತೇ ಹೊರತು ತಿರುಗಲಿಲ್ಲ. ಬೇಕರಿಯಲ್ಲಿ ಹಿಟ್ಟು ನಾದುವ ಯಂತ್ರದ ಮೋಟಾರು. ಹೊಸದಾಗಿ ತಂತಿ ಸುತ್ತಿ ಕಳಿಸಿ ಎರಡು ದಿನವಾಗಿರಲಿಲ್ಲ, ಹೋದ ದಾರಿಯಲ್ಲೇ ರಿಪೇರಿ ಅಂಗಡಿಗೆ ವಾಪಸು ಬಂದಿತ್ತು.

"ಈ ತಿಂಗಳು ಮೂರನೇದು ಇದು. ಜಾಯಿಂಟ್ ಹಾಕೋನು ನೀನೇ ತಾನೆ?" ಎಂದರು ಯಜಮಾನರು. "ಶನಿವಾರದ ಮೇಲೆ ನೀನು ಬರೋದು ಬೇಡ."

ಫಿಟ್ಟರ್ ಉದ್ದಣ್ಣ ತಲೆ ತಗ್ಗಿಸಿದ. ಆರಡಿ ಆಳಾದರೂ ಅವನ ಬಾಯಲ್ಲಿ ಮೂರು ಮಾತು ಬಂದರೆ ಹೆಚ್ಚು. ಪಕ್ಕದ ಮೇಜಿನಲ್ಲಿದ್ದ ಚಿಕ್ಕಮ್ಮನಿಗೆ ಅಯ್ಯೋ ಪಾಪ ಅನ್ನಿಸಿತು. ಇಪ್ಪತ್ತಾರು ವರ್ಷದಿಂದ ಅಲ್ಲಿ ತಂತಿ ಸುತ್ತುತ್ತಿದ್ದ ಅವಳನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ಸುತ್ತಿದ ತಾಮ್ರದ ತಂತಿಯ ತುದಿಗಳಲ್ಲಿ ಎನಾಮಲ್ ಲೇಪ ಕೆರೆದು ತೆಗೆಯುವುದು ಅವಳ ಕೆಲಸ, ಆ ತುದಿಗಳನ್ನು ಹೆಣೆದು ಜೋಡಿಸುವುದು ಉದ್ದಣ್ಣನದು. ಬೇರೆಯವರು ಕೆರೆದದ್ದಕ್ಕೆ, ಕರೆಂಟು ಹರಿಯುತ್ತದೆಯೇ ಎಂದು ಮೀಟರ್ ಇಟ್ಟು ನೋಡುತ್ತಿದ್ದರು. ಚಿಕ್ಕಮ್ಮ ಕೆರೆದದ್ದಕ್ಕೆ ಇಡುತ್ತಿರಲಿಲ್ಲ. ಅದು ಅವಳಿಗೆ ಆ ಅಂಗಡಿ ಕೊಟ್ಟ ಮರ್ಯಾದೆ.

ಮಧ್ಯಾಹ್ನ ಅವಳ ಅಕ್ಕನ ಮಗಳು ಬಂದಳು. ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು. ಇಡೀ ಊರಿನಲ್ಲಿ ಇವಳು ನಿಜವಾಗಿ ಚಿಕ್ಕಮ್ಮನಾಗಿದ್ದುದು ಅವಳೊಬ್ಬಳಿಗೇ.

"ನಾಳೆ ಪರಮಾಣು ಪಾಠ ಇದೆ. ಒಂದು ತುಂಡು ತಂತಿ ಕೊಡಿ, ಎರಡೂ ತುದಿ ಕೆರೆದು."

ಚಿಕ್ಕಮ್ಮ ಎರಡು ನಿಮಿಷದಲ್ಲಿ ಕೆರೆದುಕೊಟ್ಟಳು. ಟೀಚರು ಚೀಲದಿಂದ ಸೆಲ್ಲು, ಪುಟ್ಟ ಬಲ್ಬು ತೆಗೆದು ಜೋಡಿಸಿದಳು. ಬಲ್ಬು ಹತ್ತಲಿಲ್ಲ.

"ನಿನ್ನ ಬಲ್ಬೇ ಕೆಟ್ಟಿರ್ಬೇಕು."

"ಬಲ್ಬ್ ಸರಿಯಾಗಿದೆ, ಚಿಕ್ಕಮ್ಮ. ಈ ತುದೀಲಿ ಎನಾಮಲ್ ಹಾಗೇ ಇದೆ ನೋಡಿ."

"ಕೆಂಪಗೆ ಹೊಳೀತಿದೆಯಲ್ಲೇ!"

"ಹೊಳೀತಿರೋದು ಎನಾಮಲ್ಲು. ತಾಮ್ರದ ಪ್ರತಿ ಪರಮಾಣುವಿನಲ್ಲೂ ಹೊರಗಡೆ ಒಂದು ಎಲೆಕ್ಟ್ರಾನು ಸಡಿಲ ಇರುತ್ತೆ. ಮನೇಲಿ ನಿಲ್ಲಲ್ಲ, ಬೀದಿ ಸುತ್ತುತ್ತೆ. ಅವೆಲ್ಲ ಒಂದೇ ಕಡೆಗೆ ಸರಿದ್ರೆ ಕರೆಂಟು. ಎನಾಮಲ್ಲಲ್ಲಿ ಹಾಗಲ್ಲ, ಒಂದೊಂದೂ ಅದರದರ ಜಾಗದಲ್ಲೇ ಬಿಗಿ. ಎಳೆಯಷ್ಟು ಪದರ ಉಳಿದ್ರೂ ಈ ಸೆಲ್ಲಿಗೆ ದಾಟೋಕಾಗಲ್ಲ."

"ಓಹೋ, ತಾಮ್ರ ಅಂದ್ರೆ ಪುಂಡ ಮಕ್ಕಳಿರೋ ಮನೆ ಅನ್ನು."

"ಎನಾಮಲ್ ಅಂದ್ರೆ ನಮ್ಮಪ್ಪನ ಮನೆ!" ಎಂದು ಟೀಚರು ನಕ್ಕಳು.

ಚಿಕ್ಕಮ್ಮನೂ ನಕ್ಕಳು; ಅರ್ಧಕ್ಕೆ ನಗು ನಿಂತಿತು. ಎದ್ದು ಹೋಗಿ ಬೇಕರಿ ಮೋಟಾರಿನ ಜಾಯಿಂಟ್ ಬಿಚ್ಚಿದಳು. ಉದ್ದಣ್ಣನ ಹೆಣಿಗೆ ಗಟ್ಟಿಯಾಗಿಯೇ ಇತ್ತು. ತುದಿಯನ್ನು ಟೀಚರ ಮುಂದೆ ಹಿಡಿದಳು. "ಇದನ್ನೂ ನೋಡು."

"ಇಲ್ಲೂ ಅರ್ಧ ಉಳಿದಿದೆ, ಚಿಕ್ಕಮ್ಮ."

ಎರಡು ವರ್ಷದಿಂದ ಚಿಕ್ಕಮ್ಮನ ಕಣ್ಣಿಗೆ ಮಂಜು ಕವಿಯುತ್ತ ಬಂದಿತ್ತು. ಯಾರಿಗೂ ಹೇಳಿರಲಿಲ್ಲ. ಕೈ ಪಳಗಿದೆ, ನಡೆಯುತ್ತದೆ ಎಂದುಕೊಂಡಿದ್ದಳು. ಈಗಲೂ ಬಾಯಿ ಮುಚ್ಚಿಕೊಂಡಿದ್ದರೆ ಅಂಗಡಿಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಶನಿವಾರ ಉದ್ದಣ್ಣ ಹೋಗುತ್ತಿದ್ದ, ಕಿಟಕಿ ಪಕ್ಕದ ಈ ಮೇಜು ಅವಳದಾಗಿಯೇ ಉಳಿಯುತ್ತಿತ್ತು. ಅವಳಿಗೆ ಭಯವಾಯಿತು. ಭಯಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಯಜಮಾನರ ಎದುರು ಹೋಗಿ ನಿಂತಳು. "ತಪ್ಪು ಅವನದಲ್ಲ. ನಂಗೆ ತುದಿ ಕಾಣ್ತಿಲ್ಲ."

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು."

"ಕಣ್ಣು ತೋರಿಸ್ಕೊಂಡು ಬನ್ನಿ, ಆಮೇಲೆ ನೋಡೋಣ," ಎಂದರು ಯಜಮಾನರು. "ಉದ್ದಣ್ಣಾ, ಅದನ್ನ ನೀನೇ ಕೆರೆದು ಮುಗ್ಸು. ಸಂಜೆಗೆ ಬೇಕರಿಯೋರು ಬರ್ತಾರೆ."

ಉದ್ದಣ್ಣ ಅವಳ ಪಕ್ಕ ಕುಳಿತು ಒಂದೊಂದೇ ತುದಿ ಕೆರೆದ. ಆಮೇಲೆ ಮೀಟರ್ ಎಳೆದುಕೊಂಡ. ಆದರೆ ಚಿಕ್ಕಮ್ಮನ ಕೆಲಸಕ್ಕೆ ಮೀಟರ್ ಇಡಲು ಅವನಿಗೆ ಕೈ ಬರಲಿಲ್ಲ.

"ಇಡೋ, ಪರವಾಗಿಲ್ಲ," ಎಂದಳು.

ಅವನು ಇಟ್ಟ. ಮುಳ್ಳು ಎದ್ದಿತೋ ಇಲ್ಲವೋ ಅವಳಿಗೆ ಕಾಣಲಿಲ್ಲ. ಅವಳು ಅವನ ಮುಖ ನೋಡುತ್ತ ಕುಳಿತಳು.